ಯೂನುಸನ ಕಿವಿ

ಫೆಬ್ರವರಿ ೧೫, ಶನಿವಾರ.

ನಿದ್ದೆ ಬರುತ್ತಿಲ್ಲ. ಹರಪನಹಳ್ಳಿಯ ಎಲೆಕ್ಟ್ರಾನಿಕ್ ಸಂಗೀತದ ಶೋನಲ್ಲಿ ನಾವೆಲ್ಲ ಕಿವಿ ಮುಚ್ಚಿಕೊಂಡು ಹಿಂದೆ ಸರಿದರೂ ಯೂನುಸ ಮಾತ್ರ ಸ್ಪೀಕರಿಗೇ ಆತುಕೊಂಡು ಕುಣಿದ. "ಗ್ಯಾರೇಜಿನ ಕಿವಿಲೇ ಇದು, ಏನೂ ಆಗಂಗಿಲ್ಲ" ಅಂದ. ಆ ಸದ್ದಿಗೆ ನನ್ನ ಹಲ್ಲುಗಳೆಲ್ಲ ಅದುರುತ್ತಿದ್ದವು.

ವಾಪಸ್ ಬರುವಾಗ ಕೊಟ್ಟೂರು ಹತ್ತಿರ ನನ್ನ ಬೈಕಿನ ಪಿಕಪ್ ಕುಸಿಯಿತು. ಇಂಜಿನ್ ಚಾಲೂ ಇಟ್ಟು ನಿಲ್ಲಿಸಿದೆ. ಯೂನುಸ ದಿನವೂ ಗ್ಯಾರೇಜಿನಲ್ಲಿ ಮಾಡುವಂತೆ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಕುಳಿತ. ಆ ಕಿವಿಯನ್ನು ನಂಬಿಯೇ ತಂಬ್ರಹಳ್ಳಿಯಿಂದಲೂ ಅವನ ಬಳಿ ಗಾಡಿಗಳು ಬರುತ್ತವೆ. ಬಹಳ ಹೊತ್ತು ಆಲಿಸಿದ. ಕಿವಿ ಬದಲಿಸಿ ಮತ್ತೆ ಆಲಿಸಿದ. ಆಮೇಲೆ ರೇಗಿದ.

"ಸದ್ದ ಬರವಲ್ದು. ಸುಮ್ನ ಯಾಕ ನಿಂತಿ ಅಮರೇಶಾ? ರೇಸ್ ಕೊಡಲೇ!"

ನಾನು ಆಗಲೇ ಆಕ್ಸಿಲರೇಟರನ್ನು ಪೂರ್ತಿ ತಿರುವಿ ಹಿಡಿದಿದ್ದೆ. ರಸ್ತೆಯ ನಾಯಿಗಳೆಲ್ಲ ಎದ್ದು ಬೊಗಳುತ್ತಿದ್ದವು.