ಪ್ರೈಮರ್ ಬದಲಾಯಿಸಿದ ಮೇಲೆ

ಮಿರಂಬೂಲ್, ವಿಕ್ಟೋರಿಯಾ
ಅಕ್ಟೋಬರ್ 20, ಸೋಮವಾರ

ಮುದ್ದಿನ ಟ್ಯಾಮ್ಸಿನ್,

ಫೋನಿನಲ್ಲಿ ನೀನು ಅವಸರದಲ್ಲಿದ್ದೆ, ಅದಕ್ಕೇ ಈ ಕಾಗದ. ಟೀ ಮಾಡಿಕೊಂಡು ಕೂತು ಓದು. ನಿನ್ನ ಅಮ್ಮ ಜಿಲ್ಲಾ ರೈಫಲ್ ತಂಡಕ್ಕೆ ಆಯ್ಕೆಯಾಗಿದ್ದಾಳೆ! ಅರವತ್ತಾರು ದಾಟಿ, ಮೊಣಕೈಗೆ ಎಣ್ಣೆ ತಿಕ್ಕಿಕೊಂಡು, ನಿಜವಾಗಿಯೂ ಆಯ್ಕೆಯಾಗಿದ್ದಾಳೆ.

ಆಗಸ್ಟಿನಲ್ಲಿ ನಾನು ಹೇಗಿದ್ದೆ ಎಂದು ನಿನಗೆ ಪೂರ್ತಿ ಗೊತ್ತಿಲ್ಲ. ನಿನ್ನ ಅಪ್ಪ ತೀರಿಕೊಳ್ಳುವ ಮೊದಲು ಕೂಡಿಟ್ಟಿದ್ದ ಪ್ರೈಮರುಗಳ ಕೊನೆಯ ಡಬ್ಬಿ ಮುಗಿದಿತ್ತು. ತೋಟಾಗಳನ್ನು ನಾನು ಮನೆಯಲ್ಲೇ ತುಂಬಿಕೊಳ್ಳುತ್ತೇನಲ್ಲ, ಇಷ್ಟು ವರ್ಷ ಬೇರೆ ಜಾತಿಯ ಪ್ರೈಮರನ್ನು ಮುಟ್ಟಿದವಳೇ ಅಲ್ಲ. ಅಂಗಡಿಗೆ ಆ ಹಳೆಯ ಜಾತಿ ಬರುವುದು ನಿಂತುಹೋಗಿತ್ತು, ಸಿಕ್ಕಿದ್ದನ್ನು ತಂದೆ. ತೋಟಾದ ತಳದಲ್ಲಿ ಕೂರುವ ಪುಟ್ಟ ಲೋಹದ ಬಟ್ಟಲು, ಮದ್ದಿಗೆ ಕಿಡಿ ಹೊತ್ತಿಸುವುದಷ್ಟೇ ಅದರ ಕೆಲಸ, ಯಾವುದಾದರೇನು ಎಂದುಕೊಂಡೆ. ನೂರು ಮೀಟರಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಎಂಟುನೂರಕ್ಕೆ ಹೋದಾಗ ನೋಡಬೇಕಿತ್ತು, ಒಂದು ಗುಂಡು ಮೇಲೆ, ಇನ್ನೊಂದು ಕೆಳಗೆ, ಗುರಿಹಲಗೆಯ ಮೇಲೆ ಏಣಿ ಇಟ್ಟ ಹಾಗೆ! ಅವತ್ತಿನ ಪಂದ್ಯದಲ್ಲಿ ನನ್ನ ಹಿಂದೆ ಉಳಿದವನು ಒಬ್ಬನೇ, ಅವನಿಗೂ ಜ್ವರ.

ಕ್ಲಬ್ಬಿನ ಕ್ಯಾಪ್ಟನ್ ಮೆರ್ವ್ ಕಾಡಿ ಹೆಗಲು ತಟ್ಟಿ, "ಹೋಗ್ಲಿ ಬಿಡಿ ವಿನ್ಸಮ್, ವಯಸ್ಸಾದ್ಮೇಲೆ ಕಣ್ಣು ಮಂಜಾಗೋದೇ. ಈ ಸಲ ಹುಡುಗ್ರಿಗೆ ಜಾಗ ಬಿಟ್ಕೊಟ್ಟು ನೀವು ಸ್ಕೋರ್ ಬರ್ಕೊಳಿ" ಅಂದ. ಅವತ್ತು ಸಂಜೆ ಫೋನಿನಲ್ಲಿ ನೀನೂ ಅದನ್ನೇ ಅಂದೆ, ಸ್ವಲ್ಪ ನಯವಾಗಿ. ನಾನು ನಕ್ಕುಬಿಟ್ಟೆ. ಆಮೇಲೆ ರೈಫಲ್ಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಅಡುಗೆಮನೆಯಲ್ಲಿ ಕೂತು ಚೆನ್ನಾಗಿ ಅತ್ತೆ.

ಮರುದಿನ ಗೇಟಿನ ಹತ್ತಿರ ಬ್ರೂನೋ ಝ್ವಾರ್ ಬಂದು ನಿಂತಿದ್ದ. ನೆನಪಿದೆಯಲ್ಲ, ಗೋಧಿ ಕಣಜದ ಕೆಲಸದಿಂದ ನಿವೃತ್ತನಾಗಿ, ಹೆಂಡತಿ ಎಲ್ಫ್ರೀಡಾ ತೀರಿಕೊಂಡ ಮೇಲೆ ಒಬ್ಬನೇ ಇರುವವನು. ನನ್ನನ್ನು ಸೋಲಿಸುವುದಕ್ಕೆಂದೇ ಅವನು ಕ್ಲಬ್ಬಿಗೆ ಬರುತ್ತಾನೆ ಎಂದು ನಿನ್ನ ಅಪ್ಪ ನಗುತ್ತಿದ್ದರು.

"ನಿಮ್ ಕಣ್ಣಿಗೇನೂ ಆಗಿಲ್ಲ ಕಣ್ರೀ" ಅಂದ. "ಕಣ್ಣು ಕೆಟ್ರೆ ಗುಂಡು ಎಲ್ಲಾ ಕಡೆ ಚೆದುರುತ್ತೆ. ನಿಮ್ದು ಬರೀ ಮೇಲೆ ಕೆಳಗೆ ಹೋಗಿದೆ. ಗುಂಡಿನ ವೇಗ ಒಂದೇ ಥರ ಇಲ್ಲ. ಏನ್ ಬದಲಾಯಿಸಿದ್ರಿ?"

"ಪ್ರೈಮರ್ ಅಷ್ಟೇ."

"ಅಷ್ಟೇ ಅಂತೆ!" ಎಂದು ಗೇಟು ಹಿಡಿದುಕೊಂಡು ನಕ್ಕ. ಅವನ ನಗು ಅಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ.

ಅವನ ಬಳಿ ಬೇರೆ ಬೇರೆ ಜಾತಿಯ ಪ್ರೈಮರುಗಳಿದ್ದವು. ಶನಿವಾರ ಬಂತೆಂದರೆ ಇಬ್ಬರೂ ಮೈದಾನಕ್ಕೆ. ತೋಟಾದ ಹಿತ್ತಾಳೆ ಕವಚ ಅದೇ, ಮದ್ದು ಅದೇ, ಗುಂಡು ಅದೇ, ಬದಲಾಗುವುದು ಪ್ರೈಮರ್ ಒಂದೇ. ಹೊಸ ಪ್ರೈಮರ್ ಹಾಕಿದಾಗಲೆಲ್ಲ ಮದ್ದನ್ನು ಕಡಿಮೆಯಿಂದ ಶುರುಮಾಡಿಸಿದ, ನಾನು ಅವಸರ ಮಾಡಿದರೆ ಗದರಿದ. ಒಂದು ಜಾತಿಯ ಕಿಡಿ ಜೋರು. ಅದು ಅವನ ರೈಫಲ್ಲಿಗೆ ಪ್ರಾಣ, ನನ್ನದಕ್ಕೆ ಆಗದು. ಇನ್ನೊಂದರ ಕಿಡಿ ಮೆತ್ತಗೆ. ಅದನ್ನು ಹಾಕಿದ್ದೇ ತಡ, ಎಂಟುನೂರು ಮೀಟರಿನಲ್ಲೂ ಗುಂಡುಗಳು ಅಡ್ಡಕೋಲಿನ ಮೇಲೆ ಕೂತ ಕೋಳಿಗಳ ಹಾಗೆ ಒಂದೇ ಸಾಲಿನಲ್ಲಿ, ಮೈಗೆ ಮೈ ತಾಗಿಸಿ ಕೂತವು! ನಾನು ಚಾಪೆಯ ಮೇಲೇ ಹೊರಳಾಡಿ ಕೂಗಿದೆ. ಅವನು ಜೇನಿನ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ. ತಾನೇ ಮಾಡಿದ್ದಂತೆ, ತಳ ಸೀದಿತ್ತು. ಎಲ್ಲ ತಿಂದೆ.

ಮೊನ್ನೆ ಆಯ್ಕೆ. ಬಡಗಣ ಗಾಳಿ, ಕಣ್ತುಂಬ ದೂಳು. ನಾಲ್ಕು ಜಾಗ ಬೇಗ ತುಂಬಿದವು. ಐದನೆಯದಕ್ಕೆ ಉಳಿದವರು ಯಾರು ಗೊತ್ತೇ? ನಾನು ಮತ್ತು ಬ್ರೂನೋ. ಅವನ ಸರದಿ ಮುಗಿದಿತ್ತು. ನನ್ನ ಕೊನೆಯ ಗುಂಡು ನಟ್ಟನಡುವೆ ಬಿದ್ದರೆ ಮಾತ್ರ ನಾನು, ಇಲ್ಲವಾದರೆ ಅವನು. ಒಂದು ಕ್ಷಣ ಕೈ ತಡೆಯಿತು, ಸುಳ್ಳು ಹೇಳುವುದಿಲ್ಲ. ಆಗ ಹಿಂದಿನಿಂದ ಅವನ ದನಿ: "ನನ್ ಮೇಲೆ ಕನಿಕರ ಗಿನಿಕರ ತೋರ್ಸಿದ್ರೆ ಜನ್ಮದಲ್ಲಿ ಮಾತಾಡ್ಸಲ್ಲ, ಹೊಡೀರಿ!"

ಗಾಳಿ ತಗ್ಗುವವರೆಗೆ ಕಾದು ಹೊಡೆದೆ. ದೂರದಲ್ಲಿ ಗುರಿಹಲಗೆ ಗುರುತು ಹಾಕಿಸಿಕೊಳ್ಳಲು ಇಳಿದು, ಮತ್ತೆ ಏರಿತು. ನಟ್ಟನಡುವೆ!

ನನಗಿಂತ ಮೊದಲು ಕುಣಿದವನು ಬ್ರೂನೋ. ಅವನ ಟೋಪಿ ಹಾರಿ ಗೋಧಿ ಹೊಲಕ್ಕೆ ಬಿತ್ತು, ಅದರ ಕಡೆ ನೋಡಲೂ ಇಲ್ಲ. ಮೆರ್ವ್ ಬಂದು, "ಹೊಸ ಕನ್ನಡಕಾನಾ?" ಎಂದು ಕೇಳಿದ. "ಕನ್ನಡಕ ಹಳೇದೇ ಕಣಪ್ಪಾ, ಬೇಕಾದ್ರೆ ನೀನೂ ಹಾಕ್ಕೊಂಡು ನೋಡು" ಅಂದೆ. ಪಾಪ, ಕಿವಿಯವರೆಗೂ ಕೆಂಪಾದ.

ಇನ್ನು ನೀನು ಸ್ಕೋರ್ ಬರೆಯುವ ಮಾತೆತ್ತಬೇಡ.

ಬೆಟ್ಟದಷ್ಟು ಪ್ರೀತಿಯಿಂದ,
ಅಮ್ಮ

ತಾ.ಕ.: ಯಾವ ಪ್ರೈಮರ್ ಸರಿ ಎಂದು ಎರಡನೆಯ ಶನಿವಾರವೇ ಗೊತ್ತಾಗಿತ್ತು. ಆದರೂ "ಇನ್ನೊಂದ್ಸಲ ನೋಡೋಣ" ಎಂದು ನಾನು ವಾರವಾರವೂ ಹೇಳಿದೆ, ಅವನು ಒಮ್ಮೆಯೂ ಬೇಡವೆನ್ನಲಿಲ್ಲ. ನಿನ್ನೆ ಬಂದವನು ಚಪ್ಪರದ ಕಂಬ ನೋಡುತ್ತಾ, "ತೋಟಾ ತುಂಬೋ ನನ್ ಬೆಂಚು ತಂದ್ರೆ ನಿಮ್ ಶೆಡ್ಡಲ್ಲಿ ಜಾಗ ಆಗುತ್ತಾ?" ಅಂದ. "ಬೆಂಚು ಒಂದೇನಾ ಬರೋದು?" ಎಂದು ಕೇಳಿದೆ. ಡಿಸೆಂಬರಿನಲ್ಲಿ ಬರುವಾಗ ಒಂದು ಒಳ್ಳೆಯ ಉಡುಪು ತಾ ಮಗಳೇ, ಮದುವೆಗೆ ಹಾಕುವಂಥದ್ದು.