ಮುರಿಯದ ಮೆಟ್ಟಿಲು

ಅಪ್ಪಾ,

ನೀನೇ ವೆಲ್ಡ್ ಮಾಡಿದ ಆ ಅಲ್ಯೂಮಿನಿಯಂ ಏಣಿಯನ್ನು ಗುಜರಿಗೆ ಹಾಕಲು ಅಮ್ಮ ಬಿಡಲಿಲ್ಲ, ಕಣ್ಣೆದುರು ಇಟ್ಟುಕೊಳ್ಳಲೂ ಅವಳಿಂದ ಆಗಲಿಲ್ಲ. ಉಳಿದ ಮೆಟ್ಟಿಲುಗಳಲ್ಲಿ ಎರಡನ್ನು ಕೊಯ್ದು ನಮ್ಮ ಲ್ಯಾಬಿಗೆ ತಂದೆ. "ಆನೆ ಹತ್ತಿದ್ರೂ ಜಗ್ಗಲ್ಲ" ಅನ್ನುತ್ತಿದ್ದೆಯಲ್ಲ, ಅವೇ.

ಒಂದನ್ನು ಹಾಗೇ ಯಂತ್ರಕ್ಕೆ ಹಾಕಿದೆ. ಅದು ಒತ್ತುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ, ಲೋಹ ದಣಿದು ಬಿರುಕು ಬಿಡುವವರೆಗೆ. ಬೆಸುಗೆಯ ಅಂಚಿನಲ್ಲೇ ಮುರಿಯಿತು, ನೀನು ಕೊನೆಯ ಸಲ ಹತ್ತಿದ ದಿನ ನಿನ್ನ ಕಾಲ ಕೆಳಗೆ ಮುರಿದ ಹಾಗೆಯೇ.

ಇನ್ನೊಂದರ ಬೆಸುಗೆಗೆ ಕಪ್ಪು ಟೇಪು ಅಂಟಿಸಿ, ಮೇಲೆ ನೀರು ಹರಿಸಿ, ಲೇಸರ್ ಹೊಡೆದೆ. ಪ್ರತಿ ಹೊಡೆತಕ್ಕೂ ಪಟಾರನೆ ಸದ್ದು. ಆ ಪೆಟ್ಟಿನಿಂದ ಲೋಹದ ಮೇಲ್ಮೈ ಒಳಗೊಳಗೇ ಬಿಗಿದುಕೊಳ್ಳುತ್ತದೆ. ಬಿರುಕಿಗೆ ಸುಲಭವಾಗಿ ಬಾಯಿ ಬಿಡಲಾಗುವುದಿಲ್ಲ.

ಅದನ್ನೂ ಯಂತ್ರಕ್ಕೆ ಹಾಕಿದೆ. ಅದು ಇನ್ನೂ ಮುರಿದಿಲ್ಲ.

"ಇದು ಮುರಿಯೋ ಆಸಾಮಿ ಅಲ್ಲ ಕಣೇ, ನಿಲ್ಸಿಬಿಡ್ಲಾ?" ಎಂದಳು ಜೊತೆಗೆ ಕೆಲಸ ಮಾಡುವವಳು. ಬೇಡ ಎಂದೆ.

ಯಂತ್ರ ಒತ್ತುತ್ತಲೇ ಇದೆ, ಧಪ್, ಧಪ್. ನೀನು ಏಣಿಯ ಮೇಲೆ ಕಾಲಿಡುವ ಸದ್ದೇ. "ಸಾಕು, ಇಳೀರಿ" ಎಂದು ಅಮ್ಮ ಕೆಳಗೆ ನಿಂತು ಕೂಗುತ್ತಿದ್ದಳು, ನಾನು ನಗುತ್ತಿದ್ದೆ. ಈಗ ಕೂಗಬೇಕಾದವಳು ನಾನು. ಸ್ವಿಚ್ಚಿನ ಮೇಲೆ ಕೈಯಿದೆ.

ನಿಲ್ಲಿಸಿದರೆ ನೀನು ಎಲ್ಲಿಗೆ ಇಳಿಯುತ್ತೀಯ?