ಜೊತೆಗೆ ಬರುವವರು

ಓಮರು,
ಜೂನ್ ಹದಿನೆಂಟು

ಮುದ್ದು ರೋವೀನಾ,

ನಿನ್ನ ಅಮ್ಮ ಗಟ್ಟಿಮುಟ್ಟಾಗಿದ್ದಾಳೆ, ಗಾಬರಿಯಾಗಬೇಡ. ಫೋನ್ ಎತ್ತಲಿಲ್ಲವೆಂದು ಬೈಯಲೂಬೇಡ. ಗಾಡಿ ಓಡಿಸುವುದನ್ನು ನಿಲ್ಲಿಸಬೇಕಾಗಿ ಬಂದಿದೆ. ಬಾಯಿಬಿಟ್ಟು ಹೇಳಲು ಆಗದೆ ಬರೆಯುತ್ತಿದ್ದೇನೆ. ಸಾಲು ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಸುಸ್ತಾಗಿದೆ ಮಗಳೇ. ಸಂಬಳದ ಕೆಲಸ ಬಿಟ್ಟು ನಾನೇ ಕಟ್ಟಿದ ವ್ಯಾಪಾರ ಇದು. ಊರಿನ ಮುದುಕ ಮುದುಕಿಯರನ್ನು ಆಸ್ಪತ್ರೆಗೆ, ಅಂಗಡಿಗೆ, ಗಂಡನ ಸಮಾಧಿಗೆ ಕರೆದೊಯ್ದು ಇಳಿಸಿದರೆ ಮುಗಿಯುವುದಿಲ್ಲ. ಡಾಕ್ಟರ ಕೋಣೆಯೊಳಗೂ ಹೋಗಿ, ಅವರ ಕೋಟು ಹಿಡಿದು ಕೂತು, ಅವರು ಕೇಳಲು ಮರೆತದ್ದನ್ನು ಕೇಳಬೇಕು. ಊರಿನವರಿಗೆಲ್ಲ ಮಗಳಾಗೋಕೆ ಹೊರಟಿದ್ದೀಯಾ ಅಂತ ನೀನು ಕಿಚಾಯಿಸಿದ್ದೆ.

ಭಾನುವಾರ ರಸ್ತೆಯ ಬಿಳಿ ಗೆರೆ ಬಾಗಿ ಕಂಡಿತು. ಸೋಮವಾರ ಕಣ್ಣು ತೋರಿಸಲು ಹೋದೆ. ಕಣ್ಣಿಗೆ ಹನಿ ಹಾಕುತ್ತಾರೆ, ಸ್ವಂತ ಗಾಡಿಯಲ್ಲಿ ಹೋಗಬೇಡಿ ಎಂದು ಎಲ್ಲರಿಗೂ ಉಪದೇಶ ಮಾಡುವವಳು, ನಾನೇ ಓಡಿಸಿಕೊಂಡು ಹೋದೆ. ಇನ್ಯಾರನ್ನು ಕರೆಯಲಿ? ಈ ಊರಿನಲ್ಲಿ ಆ ಕೆಲಸದವಳು ನಾನೊಬ್ಬಳೇ. ಕಣ್ಣಿನ ಹಿಂದೆ ನೀರು ತುಂಬಿದೆ, ಗಾಡಿ ಮುಟ್ಟಬೇಡಿ ಎಂದುಬಿಟ್ಟರು ಡಾಕ್ಟರು.

ಮಧ್ಯಾಹ್ನ ನಿಮ್ಮನ್ನು ಕರೆದೊಯ್ಯಲು ಬರಲಾಗದು ಎಂದು ಆಲ್ವಿನ್ ಟ್ರೆಗಿಯರ್ ಅವರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಹಿಂದೆ ಹಸು ಸಾಕಿದ್ದ ಮನುಷ್ಯ. ಲೈಸೆನ್ಸ್ ಹೋದ ಮೇಲೂ ನನ್ನ ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕ್ ಒತ್ತುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ, ಕಿತ್ತಳೆ ಬಾವುಟ ಕಟ್ಟಿದ, ಲೈಸೆನ್ಸ್ ಬೇಡದ, ಒಬ್ಬರೇ ಕೂರುವ ತಮ್ಮ ಪುಟ್ಟ ಬ್ಯಾಟರಿ ಗಾಡಿಯಲ್ಲಿ ಫುಟ್‌ಪಾತಿನ ಮೇಲೇ ಬಂದುಬಿಟ್ಟರು. ಬ್ಯಾಗು ಬುಟ್ಟೀಲಿ ಹಾಕು, ಇವತ್ತು ನಾನು ಡ್ರೈವರ್ರು, ನೀನು ಬ್ರೇಕ್ ಒತ್ತು ಅಂದರು. ನೋಡಿದವರು ಏನಂದ್ಕೋತಾರೆ ಅಂದೆ. ಮುದುಕನಿಗೆ ಹೊಸ ಹುಡುಗಿ ಸಿಕ್ಕಳು ಅಂತಾರೆ, ನನಗೇನು ನಷ್ಟ ಅಂದರು.

ಅವರ ಪಕ್ಕದಲ್ಲಿ ನಡೆದುಕೊಂಡೇ ಮನೆಗೆ ಬಂದೆ. ದಾರಿಯುದ್ದಕ್ಕೂ ಅತ್ತೆ. ಹನಿ ಹಾಕಿದ್ದಕ್ಕೆ ಹೀಗೆ ಅಂದರೆ ನಂಬಿದವರಂತೆ ತಲೆಯಾಡಿಸಿದರು. ನಾನು ಬೀಗ ತೆಗೆದು ದೀಪ ಹಾಕುವವರೆಗೂ ಗೇಟಿನ ಹತ್ತಿರವೇ ಇದ್ದರು. ಅದು ನನ್ನ ಕೆಲಸದ ನಿಯಮ, ನೋಡಿ ನೋಡಿ ಕಲಿತಿದ್ದಾರೆ. ನನ್ನ ಹೆಸರು ಬರೆದ ಗಾಡಿ ಮಾತ್ರ ಇನ್ನೂ ಆ ಕಣ್ಣಿನ ಡಾಕ್ಟರ ಬಾಗಿಲಲ್ಲೇ ನಿಂತಿದೆ.

ಮುಂದಿನ ಗುರುವಾರ ಡನೀಡಿನ್ ಆಸ್ಪತ್ರೆಯಲ್ಲಿ ಕಣ್ಣಿಗೇ ಇಂಜೆಕ್ಷನ್ ಕೊಡುತ್ತಾರೆ. ನೋವಾಗುವುದಿಲ್ಲವಂತೆ. ವಾಸಿಯಾದರೆ ಮತ್ತೆ ಓಡಿಸಬಹುದು, ಇಲ್ಲದಿದ್ದರೆ ಎಲ್ಲ ಮುಚ್ಚಬೇಕು. ಬಸ್ಸಿನಲ್ಲಿ ಹೋಗಿಬರುತ್ತೇನೆ. ನೀನು ನೆಲ್ಸನ್ನಿನಿಂದ ಅಷ್ಟು ದೂರ ಬರುವುದು ಬೇಡ, ನಿನಗೂ ಕೆಲಸವಿದೆ. ಅಷ್ಟು ಜನರನ್ನು ಸುಧಾರಿಸಿದವಳಿಗೆ ತನ್ನೊಬ್ಬಳನ್ನು ಸುಧಾರಿಸಿಕೊಳ್ಳುವುದು ಕಷ್ಟವೇ?

ಪ್ರೀತಿಯಿಂದ,
ನಿನ್ನ ಅಮ್ಮ
ಗ್ಲೆನಿಸ್

ಮರೆತಿದ್ದೆ: ಆಸ್ಪತ್ರೆಯಿಂದ ನರ್ಸ್ ಫೋನ್ ಮಾಡಿದ್ದಳು. ಒಳಗೆ ನಿಮ್ಮ ಜೊತೆ ಯಾರು ಬರ್ತಾರೆ ಅಂತ ಕೇಳಿದಳು. ಬೇರೆಯವರ ಪರವಾಗಿ ಆ ಪ್ರಶ್ನೆಗೆ ಎಷ್ಟೋ ಸಲ ನನ್ನ ಹೆಸರು ಹೇಳಿದ್ದೇನೆ. ಈ ಸಲ ನಿನ್ನನ್ನು ಕೇಳದೆಯೇ ನಿನ್ನ ಹೆಸರು ಹೇಳಿಬಿಟ್ಟೆ. ಭಯವಾಗುತ್ತಿದೆ ರೋವೀನಾ, ಬಾ.